ಬೆಲ್ಲದ ಕೋಣೆಯ ಚೌಕಾಬಾರ

ನಾನು ಮೈಸೂರಿನಲ್ಲಿ ಅಡುಗೆಮನೆ ಡಿಸೈನ್ ಮಾಡುವವಳು. ಕಟ್ಟೆ ಎಷ್ಟು ಎತ್ತರ ಇರಬೇಕು, ಯಾವ ಡಬ್ಬಿ ಎಲ್ಲಿಟ್ಟರೆ ಕೈಗೆ ಸಿಗುತ್ತದೆ, ದಿನವಿಡೀ ಇದೇ ಲೆಕ್ಕ. ಮಂಡ್ಯದ ಹತ್ತಿರದ ನಮ್ಮೂರಲ್ಲಿ ಮಕ್ಕಳಿಗೆ ಒಂದು ಲೈಬ್ರರಿ ಮಾಡೋಣ ಅಂತ ಮನೆಯಲ್ಲಿ ಮಾತು ಬಂದಾಗ, ಇದೇನು ಮಹಾ, ನಾಲ್ಕು ಶೆಲ್ಫ್ ತಾನೇ ಅಂದುಕೊಂಡೆ.

ಪಂಚಾಯ್ತಿ ಗ್ರಂಥಾಲಯ ಇಲ್ಲ ಅಂತಲ್ಲ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಆದರೆ ನಮ್ಮೂರಿಂದ ನಾಲೆ ಏರಿ ಮೇಲೆ ಮೂರು ಕಿಲೋಮೀಟರ್ ನಡೆಯಬೇಕು. ಒಂದನೇ ಕ್ಲಾಸಿನ ಮಗುವನ್ನು ತುಂಬಿದ ನಾಲೆ ಪಕ್ಕ ಒಂಟಿಯಾಗಿ ಯಾರು ಕಳಿಸುತ್ತಾರೆ? ನಮ್ಮ ಹತ್ತಿರ ತಾತ ಬೆಲ್ಲ ಪೇರಿಸುತ್ತಿದ್ದ ಕೋಣೆ ಖಾಲಿ ಬಿದ್ದಿತ್ತು. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಆಲೆಮನೆ ನಿಂತು ಎಷ್ಟೋ ವರ್ಷ ಆಗಿದೆ.

ಸುಣ್ಣ ಹೊಡೆಸಿ, ಪುಸ್ತಕ ಜೋಡಿಸಿ, ಪೂಜೆ ಮಾಡಿ ಚರುಪು ಹಂಚಿದೆವು. ಮೊದಲ ಮಳೆ ಬಿದ್ದ ಮಾರನೇ ದಿನ ಬಾಗಿಲು ತೆಗೆದರೆ ಗೋಡೆಯಿಂದ ಶೆಲ್ಫಿಗೆ ಕೆಂಪಿರುವೆ ಸಾಲು! ಆ ಗೋಡೆ ಎಷ್ಟು ವರ್ಷದ ಬೆಲ್ಲ ಕುಡಿದಿತ್ತೋ, ನೀರು ತಾಗಿದ್ದೇ ತಡ ಎಲ್ಲ ಹೊರಗೆ ಬಂತು. ನೆಲದಿಂದ ಎರಡಡಿ ಎತ್ತರಕ್ಕೆ ಗಾರೆ ಕೆತ್ತಿಸಿ ಹೊಸದು ಬಳಿಸಿದೆ. ಶೆಲ್ಫನ್ನು ಗೋಡೆಯಿಂದ ಎರಡಿಂಚು ಬಿಡಿಸಿ ನಿಲ್ಲಿಸಿದೆ. ಮಳೆಗಾಲದಲ್ಲಿ ಈಗಲೂ ಕೋಣೆ ತುಂಬ ಬೆಲ್ಲದ ವಾಸನೆ. ಅದನ್ನು ಓಡಿಸೋ ಮನಸ್ಸು ನನಗಿಲ್ಲ.

ಇರುವೆಯಾದರೂ ಗೋಡೆಯ ತಪ್ಪು. ಶೆಲ್ಫು ಪೂರ್ತಿ ನನ್ನದೇ ತಪ್ಪು. ಆರಡಿ ಎತ್ತರದ್ದು ಮಾಡಿಸಿದ್ದೆ, ನೋಡಲು ಜೋರಾಗಿತ್ತು. ಕನ್ನಡದ ಚಿತ್ರ ಪುಸ್ತಕ ಕೈಯಲ್ಲಿ ಹಿಡಿದು ನೋಡಿದ್ದೀರಲ್ಲ? ಹದಿನಾರೋ ಇಪ್ಪತ್ತನಾಲ್ಕೋ ಪುಟ, ನಡುವೆ ಎರಡು ಪಿನ್ನು. ಹೆಸರು ಬರೆಯೋಕೆ ಬೆನ್ನೇ ಇಲ್ಲ. ದೊಡ್ಡವರ ಪುಸ್ತಕದ ಹಾಗೆ ನಿಲ್ಲಿಸಿದರೆ ಬರೀ ಕಾಗದದ ಅಂಚು ಕಾಣುತ್ತದೆ. ಎನ್‌ಬಿಟಿ, ಪ್ರಥಮ್ ಬುಕ್ಸ್‌ನಂಥ ಪ್ರಕಾಶಕರು ಅಷ್ಟು ಚೆಂದ ಚಿತ್ರ ಮಾಡಿಸಿದ್ದಾರೆ, ನಾನು ಅದನ್ನೆಲ್ಲ ರೇಷನ್ ಕಾರ್ಡ್ ಕಟ್ಟಿನ ಹಾಗೆ ತುರುಕಿಟ್ಟಿದ್ದೆ. ಮಕ್ಕಳು ಬರುತ್ತಿದ್ದರು, ಒಂದೆರಡು ಎಳೆಯುತ್ತಿದ್ದರು, ಇಪ್ಪತ್ತು ಬೀಳುತ್ತಿದ್ದವು, ಓಡಿಹೋಗುತ್ತಿದ್ದರು.

ಉಪಾಯ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ. ಹಗ್ಗ ಕಟ್ಟಿ, ಕ್ಲಿಪ್ ಹಾಕಿ, ವಾರಪತ್ರಿಕೆಗಳನ್ನೆಲ್ಲ ಮುಖ ತೋರಿಸಿ ನೇತುಹಾಕಿದ್ದರು. ಮಾರುವವರಿಗೆ ಗೊತ್ತು ನೋಡಿ! ಊರಿಗೆ ಬಂದವಳೇ ಬಡಗಿಗೆ ಹೇಳಿ ಆ ಶೆಲ್ಫ್ ಬಿಚ್ಚಿಸಿದೆ. ಅದೇ ಹಲಗೆಯಲ್ಲಿ ಮೂರಿಂಚು ಅಗಲದ ಪಟ್ಟಿ, ಮುಂದೆ ಪುಸ್ತಕ ಜಾರದಂತೆ ಒಂದು ಸಣ್ಣ ರೀಪು. ಅಂಥವು ಮೂರು ಸಾಲು. ಎತ್ತರಕ್ಕೆ ಅಳತೆಪಟ್ಟಿ ಹಿಡಿಯಲಿಲ್ಲ. ಆರು ವರ್ಷದ ಒಂದು ಮಗುವನ್ನು ಗೋಡೆ ಮುಂದೆ ಚಕ್ಕಂಬಕ್ಕಳ ಕೂರಿಸಿ ಕಣ್ಣಿನ ಮಟ್ಟಕ್ಕೆ ಬಳಪದಲ್ಲಿ ಗೆರೆ ಎಳೆದೆ. ನಿಲ್ಲಿಸಿ ಇನ್ನೊಂದು ಗೆರೆ. ಎರಡು ಗೆರೆಗಳ ನಡುವೆಯೇ ಪುಸ್ತಕ. ಕುರ್ಚಿ ಒಂದಡಿ, ಮೇಜು ಇಪ್ಪತ್ತು ಇಂಚು. ಗೋಡೆ ಒಂದೂವರೆ ಅಡಿ ದಪ್ಪ ಇತ್ತು, ಕಿಟಕಿಯನ್ನು ಕೆಳಕ್ಕೆ ಒಡೆಸಿದಾಗ ಅದೇ ಕೂರುವ ಜಾಗವಾಯಿತು. ಈಗ ಅದಕ್ಕೆ ದಿನಾ ಜಗಳ.

ಪಾಂಡವಪುರದ ಹರಳಹಳ್ಳಿಯಲ್ಲಿ ಅಂಕೇಗೌಡರು ಕೂಡಿಸಿಟ್ಟಿರುವ ಲಕ್ಷಗಟ್ಟಲೆ ಪುಸ್ತಕ ನೋಡಿದರೆ ದೊಡ್ಡವರಿಗೆ ಮೈ ಜುಮ್ ಅನ್ನುತ್ತದೆ. ಸಣ್ಣ ಮಕ್ಕಳಿಗೆ ಹಾಗಲ್ಲ, ಜಾಸ್ತಿ ಇಟ್ಟರೆ ಏನೂ ಕಾಣಿಸುವುದಿಲ್ಲ. ನಮ್ಮಲ್ಲಿ ಮುನ್ನೂರು ಚಿಲ್ಲರೆ ಪುಸ್ತಕ ಇವೆ, ಪಟ್ಟಿ ಮೇಲೆ ಇರುವುದು ಎಪ್ಪತ್ತು. ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಹಳೆಯದೇ ಮತ್ತೆ ಬಂದರೂ ಹೊಸದು ಬಂತು ಅಂತ ಕೂಗುತ್ತಾರೆ.

ಇನ್ನು ಆಟದ ವಿಷಯ. ಮೊದಲು ಒಂದು ಮೂಲೆಗೆ ಆಟ, ಇನ್ನೊಂದಕ್ಕೆ ಪುಸ್ತಕ, ಮೇಲೆ ‘ಶಬ್ದ ಮಾಡಬೇಡಿ’ ಅಂತ ಬೋರ್ಡು. ಎಲ್ಲರೂ ಆಟದ ಮೂಲೆಯಲ್ಲೇ ಇರುತ್ತಿದ್ದರು. ಆಟ ತೆಗೆದುಬಿಡಿ, ಓದುತ್ತಾರೆ ಅಂದವರೂ ಇದ್ದರು. ಆಟ ತೆಗೆದರೆ ಮಕ್ಕಳೇ ಬರಲ್ಲ, ಅಲ್ವಾ?

ಒಂದು ಭಾನುವಾರ ಸುಮ್ನೆ ಕೂತು ನೋಡಿದೆ. ಚೌಕಾಬಾರ ಆಡುವವರು ನಾಲ್ಕೇ ಜನ. ಸುತ್ತ ಏಳೆಂಟು ಮಕ್ಕಳು ಸರದಿಗೆ ಕಾಯುತ್ತಿದ್ದರು. ಕೈ ಖಾಲಿ, ಒಬ್ಬರ ಜಡೆ ಒಬ್ಬರು ಎಳೆಯುವುದು, ತಳ್ಳುವುದು. ನನಗೆ ಬೇಕಾಗಿದ್ದ ಓದುಗರು ಇವರೇ! ಮೇಸ್ತ್ರಿ ಕರೆಸಿ ಕೋಣೆಯ ನಟ್ಟನಡುವೆ ಕೆಂಪು ಗಾರೆ ನೆಲದಲ್ಲಿ ಐದೈದು, ಇಪ್ಪತ್ತೈದು ಮನೆ ಕೊರೆಸಿ ಬಿಳಿ ಸಿಮೆಂಟ್ ತುಂಬಿಸಿದೆ. ಕಾಯುವವರು ಕೂರುವ ಕಡೆಗೇ, ಕೈ ಚಾಚಿದರೆ ಸಿಗುವಂತೆ, ಪಟ್ಟಿಗಳನ್ನು ಹೊಡೆಸಿದೆ. ಬೋರ್ಡು ಕಿತ್ತುಹಾಕಿದೆ.

ಮೊದಲ ವಾರವೇ ನೋಡಿದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯುತ್ತಾ ಆನೆಯ ಪುಸ್ತಕ ಎತ್ತಿಕೊಂಡಳು. ತೊಡೆ ಮೇಲೆ ಪುಸ್ತಕ, ಒಂದು ಕಣ್ಣು ನೆಲದ ಕಾಯಿ ಮೇಲೆ. ಸರದಿ ಬಂತು, ಬಾರೇ ಅಂತ ಕರೆದರು. ‘ತಡೀರೋ, ಇನ್ನೆರಡೇ ಪುಟ’ ಅಂದಳು. ಆಟ ಅವಳಿಗಾಗಿ ನಿಂತಿತು. ಎಲ್ಲರೂ ಹೀಗಲ್ಲ. ಬರೀ ಆಡಿ ಹೋಗುವವರು ಇದ್ದಾರೆ, ಇರಲಿ ಬಿಡಿ. ಕವಡೆ ಎಣಿಸುತ್ತಾ ಕಾಯಿ ಮುಂದೆ ಸರಿಸುವುದೂ ಕೂಡುವ ಲೆಕ್ಕವೇ. ಮಣೆ ಆಟಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರೇ ತಲೆ ಕೆಡಿಸಿಕೊಂಡು ಹೊಸ ಹೊಸದು ಕಟ್ಟಿದ್ದರು, ನಾವು ಕೀಳಾಗಿ ನೋಡಬೇಕಾ?

ಅಳಿಗುಳಿ ಮಣೆಯಲ್ಲಿ ಒಂದು ಎಚ್ಚರ. ಯಾರೋ ಪ್ರೀತಿಯಿಂದ ಗುಲಗಂಜಿ ತಂದುಕೊಟ್ಟರು. ನೋಡಲು ಚೆಂದ, ಆದರೆ ಆ ಬೀಜ ವಿಷ. ಅವತ್ತೇ ವಾಪಸ್ ಕಳಿಸಿದೆ. ನಮ್ಮದು ಹುಣಸೆ ಬೀಜ. ಅದನ್ನೂ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನವರ ಕೈಗೆ ಕೊಡುವುದಿಲ್ಲ.

ಲೆಕ್ಕ ಇಡಲು ಒಂದು ನೋಟ್‌ಬುಕ್ಕು, ಅಷ್ಟೆ. ದಂಡ ಇಲ್ಲ. ಹೋದ ವರ್ಷ ಒಂಬತ್ತು ಪುಸ್ತಕ ವಾಪಸ್ ಬರಲಿಲ್ಲ. ಒಂದು ಮಾತ್ರ ಪಕ್ಕದ ಮನೆ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಸಿಕ್ಕಿತು. ಮೊಮ್ಮಗ ಓದಿ ಹೇಳಲಿ ಅಂತ ಇಟ್ಟುಕೊಂಡಿದ್ದರಂತೆ. ಈಗ ಅಜ್ಜಿಯೇ ಸಂಜೆ ಬಂದು ಕೂರುತ್ತಾರೆ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ, ಎರಡಕ್ಕೂ ಮತ್ತೊಂದು ಸಲ ಹಾಕಬಹುದು ಅಂತ ಜಗಳ ಬಿಡಿಸುವವರು ಅವರೇ.

ನೆಲದ ಮೇಲೆ ಕೂತು ಏಳೋಕೆ ಅವರಿಗೆ ಮಂಡಿ ನೋವು. ಹೊರಗೆ ಜಗಲಿ ಮೇಲೆ ಇನ್ನೊಂದು ಚೌಕ ಕೊರೆಸು ಅಂದಿದ್ದಾರೆ. ಮೇಸ್ತ್ರಿ, ಕಬ್ಬು ಕಟಾವು ಮುಗಿಯಲಿ ಅಕ್ಕ, ಆಮೇಲೆ ಬರ್ತೀನಿ ಅಂದಿದ್ದಾನೆ.