ಭಕಾರ ಪಳಗಿಸಿದ್ದು

ಕಂಪನಿ ನಾಟಕದಲ್ಲಿ ನಾನು ಕಲಿತ ಮೊದಲ ವಿದ್ಯೆ ಕೂಗುವುದು. ಮೈಕಿಲ್ಲದ ತಗಡಿನ ಥಿಯೇಟರು. ಮಳೆ ಬಂದರೆ ಸೂರಿನ ಸದ್ದಿಗೇ ಅರ್ಧ ಮಾತು ಬಲಿ. ಕೊನೇ ಸಾಲಿನವನಿಗೂ ಭೀಮನ ಗರ್ಜನೆ ಮುಟ್ಟಬೇಕು. "ಹೊಟ್ಟೆಯಿಂದ ದನಿ ತೆಗೆಯೋ, ಗಂಟಲಿಂದ ತೆಗೆದ್ರೆ ಮೂರೇ ದಿನಕ್ಕೆ ಕೂತುಹೋಗುತ್ತೆ" ಅಂತ ಮೇಷ್ಟ್ರು ಬೆನ್ನಿಗೆ ಗುದ್ದಿ ಕಲಿಸಿದರು. ಬಟವಾಡೆ ತಡವಾಗುತ್ತಿತ್ತು, ಗುದ್ದು ಮಾತ್ರ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

1955ರಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. (ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಮನೆಯಿಂದ ಪ್ರಸಾರ ಆರಂಭಿಸಿದ್ದರು. ಊರೂರು ತಿರುಗುವ ನಮಗೆ ಅದು ದೂರದ ಸುದ್ದಿ.) ಧ್ವನಿ ಪರೀಕ್ಷೆಗೆ ಹೋಗಿ ಮೊದಲ ಮಾತು ಹೇಳಿದ್ದೇ ತಡ, ಗಾಜಿನಾಚೆ ಕೂತಿದ್ದವರು ಹೆಡ್‌ಫೋನ್ ಕಿತ್ತಿಟ್ಟರು. "ಸ್ವಾಮಿ, ಕೇಳೋರು ನಿಮ್ಮಿಂದ ಒಂದು ಗೇಣು ದೂರದಲ್ಲಿದ್ದಾರೆ."

ಪೌರಾಣಿಕದ ಮಾತಿನ ತುಂಬ ಮಹಾಪ್ರಾಣ. ಒಂದೊಂದು 'ಭ'ಕಾರಕ್ಕೂ ಉಸಿರು ಮೈಕಿಗೆ ಬಡಿದು ಢಬ್ ಎನ್ನುತ್ತಿತ್ತು. ರಾತ್ರಿ ಬಾಯೆದುರು ಸೊಡರು ಹಿಡಿದು 'ಭೀಮ, ಭಾರತ, ಫಲ' ಎಂದು ಹೇಳಿಕೊಳ್ಳುತ್ತಿದ್ದೆ, ಜ್ವಾಲೆ ಅಲುಗಬಾರದು. ತಿಂಗಳು ಹಿಡಿಯಿತು. ಕಡೆಗೆ ಸಿಕ್ಕ ಉಪಾಯ ಬಲು ಸಣ್ಣದು: ಆ ಅಕ್ಷರ ಬರುವಾಗ ಮುಖವನ್ನು ಮೈಕಿನಿಂದ ತುಸು ಓರೆ ಮಾಡುವುದು. ಹಾಳೆಯ ಸರಪರ ಇನ್ನೊಂದು ಕಾಟ. ಪಿನ್ನು ತೆಗೆದು, ಓದಿ ಮುಗಿದ ಹಾಳೆಯನ್ನು ಮಗುಚದೆ ಕೆಳಗೆ ಜಾರಿಬಿಡುತ್ತಿದ್ದೆ. ನಾಟಕ ಮುಗಿಯುವಷ್ಟರಲ್ಲಿ ಕಾಲಬುಡದಲ್ಲಿ ಇಡೀ ಕುರುಕ್ಷೇತ್ರ ಬಿದ್ದಿರುತ್ತಿತ್ತು.

1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್, ನರಸಿಂಹರಾಜು ತೆರೆಗೆ ಬಂದಮೇಲೆ ಕಂಪನಿಯವರಿಗೆಲ್ಲ ಮದ್ರಾಸಿನ ಆಸೆ. ನಾನೂ ರೈಲು ಹತ್ತಿದೆ. ಅಲ್ಲಿ ಕೈ ಕಟ್ಟಿಹಾಕಿದಂತಾಯಿತು. ನೆಲದ ಮೇಲೆ ಸೀಮೆಸುಣ್ಣದ ಗುರುತು, ದಾಟಿದರೆ ಮುಖ ಮಸುಕು. ಬೆಳಿಗ್ಗೆ ಸತ್ತು, ಮಧ್ಯಾಹ್ನ ಮದುವೆಯಾಗಬೇಕು. ರಂಗದ ಮೇಲೆ ಮೂರು ಗಂಟೆಯಲ್ಲಿ ಏರುತ್ತಿದ್ದ ಭಾವವನ್ನು ತುಂಡು ಮಾಡಿ ಕೇಳಿದರೆ ಎಲ್ಲಿಂದ ತರಲಿ? ಪ್ರತಿ ಶಾಟಿಗೆ ಮುಂಚೆ ಅದರ ಹಿಂದಿನ ದೃಶ್ಯವನ್ನು ಮನಸ್ಸಿನಲ್ಲೇ ಆಡಿಕೊಂಡು ಬರುತ್ತಿದ್ದೆ. ಅದೊಂದು ಕೈ ಹಿಡಿಯಿತು.

ಇನ್ನೊಂದು, ಕಂಪನಿ ಕೊಟ್ಟ ಬಾಯಿಪಾಠ. ಎರಡು ಪುಟದ ಮಾತನ್ನು ಒಂದೇ ಟೇಕಿನಲ್ಲಿ ತಡವರಿಸದೆ ಹೇಳುತ್ತಿದ್ದೆ. ಕಚ್ಚಾ ಫಿಲ್ಮು ದುಬಾರಿಯಾಗಿದ್ದ ಕಾಲ. ನನ್ನನ್ನು ಮತ್ತೆ ಮತ್ತೆ ಕರೆಸುತ್ತಿದ್ದುದು ಮುಖ ನೋಡಿಯಲ್ಲ, ಫಿಲ್ಮು ಉಳಿಯುತ್ತದೆಂದು.