ಪ್ರಿ-ಮೆಡ್ ಓದುವವಳು ಇತಿಹಾಸದ ಸೆಮಿನಾರ್ ಆರಿಸಿಕೊಂಡಿದ್ದು

ನೀಟ್ ಬರೆದು ನೇರವಾಗಿ ಎಂಬಿಬಿಎಸ್‌ಗೆ ಸೇರುವ ನಮ್ಮೂರಿನ ದಾರಿ ಅಮೆರಿಕದಲ್ಲಿಲ್ಲ. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ (ಮೆಡಿಕಲ್‌ಗೆ ತಯಾರಾಗುತ್ತಾ ಇದನ್ನು ಓದುವವರಿಗೆ ಪ್ರಿ-ಮೆಡ್ ಎನ್ನುತ್ತಾರೆ), ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್ ಕಾಲೇಜು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ಕೆಲವು ತರಗತಿಗಳನ್ನು ಲ್ಯಾಬ್ ಸಮೇತ ಮುಗಿಸಿದವರು ಸಂಗೀತದಲ್ಲಿ ಪದವಿ ಪಡೆದರೂ ನಡೆಯುತ್ತದೆ. ದಾವಣಗೆರೆಯಲ್ಲಿ ಓದಿದ ಅಪ್ಪನಿಗೆ ಇಷ್ಟನ್ನು ಮನವರಿಕೆ ಮಾಡಿಸುವಷ್ಟರಲ್ಲೇ ಸಾಕಾಗಿತ್ತು. ಅದರ ಮೇಲೆ ಮೊದಲ ವರ್ಷದ ಸೆಮಿನಾರ್ ಬೇರೆ.

ನಮ್ಮ ಕಾಲೇಜಿನಲ್ಲಿ ಹೊಸಬರೆಲ್ಲರಿಗೂ ಇದು ಕಡ್ಡಾಯ. ಒಂದೇ ಮೇಜಿನ ಸುತ್ತ ಹತ್ತು ಹದಿನೈದು ಮಂದಿ ಕುಳಿತು ಓದಿ, ವಾದಿಸಿ, ಬರೆಯುವ ತರಗತಿ. ಬೇಸಿಗೆಯಲ್ಲಿ ಪಟ್ಟಿ ಬಂದಾಗ ಪ್ರಿ-ಮೆಡ್‌ನವರು ಮಿದುಳು, ಕ್ಯಾನ್ಸರ್, ವೈದ್ಯಕೀಯ ನೀತಿ ಎಂಬ ಹೆಸರುಗಳಿಗೆ ಮುಗಿಬಿದ್ದರು. ನಾನು ಪಠ್ಯಕ್ರಮ ತೆರೆದು ನೋಡಿದ್ದು ಬೇರೆಯದನ್ನು: ಅಂಕ ಯಾವುದಕ್ಕೆ, ಪ್ರಾಧ್ಯಾಪಕರು ತಿದ್ದಿ ಮತ್ತೆ ಬರೆಸುತ್ತಾರೆಯೇ, ತರಗತಿಯ ಹೊತ್ತು ರಸಾಯನಶಾಸ್ತ್ರದ ಲ್ಯಾಬ್‌ಗೆ ಅಡ್ಡ ಬರುತ್ತದೆಯೇ. ಕ್ಯಾನ್ಸರ್ ಸೆಮಿನಾರ್‌ನಲ್ಲಿ ಅತಿಥಿ ಉಪನ್ಯಾಸಗಳೇ ಹೆಚ್ಚು, ಬರೆಯುವುದು ಕಡಿಮೆ. ಜೀವಕೋಶದ ಪಾಠ ಹೇಗೂ ಮುಂದೆ ಬೇಡವೆಂದರೂ ಸಿಗುತ್ತದೆ. ಇತಿಹಾಸ ವಿಭಾಗದ ಸಾಂಕ್ರಾಮಿಕ ರೋಗಗಳ ಸೆಮಿನಾರ್‌ಗೆ ಮೊದಲ ಗುರುತು ಹಾಕಿದೆ.

“ಡಾಕ್ಟರ್ ಆಗುವವಳಿಗೆ ಇತಿಹಾಸ ಯಾಕಮ್ಮ?” ಎಂದರು ಅಪ್ಪ. ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದರಲ್ಲಿ ವಿಜ್ಞಾನವೇ ಇಲ್ಲ, 90 ನಿಮಿಷದಲ್ಲಿ ಗದ್ಯಭಾಗಗಳನ್ನು ಓದಿ 53 ಪ್ರಶ್ನೆಗಳಿಗೆ ಉತ್ತರಿಸಬೇಕು, ಬಾಯಿಪಾಠ ಅಲ್ಲಿ ಕೆಲಸಕ್ಕೆ ಬಾರದು ಎಂದೆ. ಪರೀಕ್ಷೆಯ ಮಾತು ಬಂದರೆ ಅಪ್ಪ ಬೇಗ ಒಪ್ಪುತ್ತಾರೆ.

ಸೆಮಿನಾರ್‌ನಲ್ಲಿ ಹೆಚ್ಚು ಕಾಲ ನಿಂತದ್ದು 1793ರ ಫಿಲಡೆಲ್ಫಿಯಾದ ಹಳದಿ ಜ್ವರದ ಮೇಲೆ. ಆಗ ಅಮೆರಿಕದ ರಾಜಧಾನಿ ಅದೇ. ಊರಿನ ಸುಮಾರು ಹತ್ತನೇ ಒಂದು ಭಾಗ ಜನ ಸತ್ತರು. ಈ ಜ್ವರ ಹರಡುವುದು ಸೊಳ್ಳೆಯಿಂದ ಎಂದು ಸಾಬೀತಾಗಿದ್ದು 1900ರಲ್ಲಿ. ವೈದ್ಯ ಬೆಂಜಮಿನ್ ರಷ್ ರೋಗಿಗಳ ರಕ್ತ ತೆಗೆದು, ಪಾದರಸದ ಭೇದಿ ಔಷಧಿ ಕೊಡುತ್ತಿದ್ದ. ಕಪ್ಪು ಜನರಿಗೆ ಈ ಜ್ವರ ತಗುಲುವುದಿಲ್ಲ ಎಂದೂ ನಂಬಿ, ಶುಶ್ರೂಷೆಗೆ ಅವರ ನೆರವು ಕೇಳಿದ. ಅವರಲ್ಲೂ ಅನೇಕರು ಸತ್ತರು. ಆಮೇಲೆ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕ, ಕಪ್ಪು ಶುಶ್ರೂಷಕರಲ್ಲಿ ಕೆಲವರು ಸುಲಿಗೆ ಮಾಡಿದರೆಂದು ಬರೆದ. ಊರಿನ ಕಪ್ಪು ಜನರ ಮುಖಂಡರಾದ ಅಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಅಲೆನ್ 1794ರಲ್ಲಿ ಉತ್ತರ ಕೊಟ್ಟರು: ಬಂದ ಹಣ, ಆದ ಖರ್ಚು ಎಲ್ಲದರ ಲೆಕ್ಕ ಒಪ್ಪಿಸಿ, ಕೇರಿ ತನ್ನ ಪುಸ್ತಕ ಮಾರಿಯೇ ಹೆಚ್ಚು ಗಳಿಸಿದ್ದಾನೆಂದು ಚುಚ್ಚಿದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾರು ಏನನ್ನು ಕಣ್ಣಾರೆ ಕಂಡಿದ್ದರು, ಏನನ್ನು ಕೇಳಿ ಬರೆದರು ಎಂದು ಸಾಲುಸಾಲಾಗಿ ಗುರುತಿಸಬೇಕಿತ್ತು. ರೋಗಿಯ ಹೇಳಿಕೆ ಬರೆದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಆ ವರ್ಷ ಸಿಗಲಿಲ್ಲ.

ಕಷ್ಟವೂ ಇತ್ತು. ರಸಾಯನಶಾಸ್ತ್ರದ ಪರೀಕ್ಷೆಯೂ ಪ್ರಬಂಧದ ಗಡುವೂ ಒಂದೇ ವಾರಕ್ಕೆ ಬೀಳುತ್ತಿದ್ದವು. ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ ವಿಜ್ಞಾನ ಮತ್ತು ಗಣಿತದ ಅಂಕಗಳ ಸರಾಸರಿಯನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಇತಿಹಾಸದ ಅಂಕ ಅದಕ್ಕೆ ಸೇರುವುದಿಲ್ಲ, ಒಟ್ಟು ಸರಾಸರಿಗೆ ಮಾತ್ರ.

ಇನ್ನು ಶಿಫಾರಸು ಪತ್ರ. ವಿಜ್ಞಾನೇತರ ಪ್ರಾಧ್ಯಾಪಕರೊಬ್ಬರ ಪತ್ರವನ್ನೂ ಹಲವು ಮೆಡಿಕಲ್ ಕಾಲೇಜುಗಳು ಕೇಳುತ್ತವೆ. ಸೆಮಿಸ್ಟರ್ ಮುಗಿಯುತ್ತಿದ್ದಂತೆ ನಮ್ಮ ಪ್ರಾಧ್ಯಾಪಕರನ್ನು ಕೇಳಿದೆ. ಅವರೇ ತಿದ್ದಿದ ಕರಡುಗಳನ್ನೂ ಜೊತೆಗಿಟ್ಟೆ. ಅರ್ಜಿ ಹಾಕುವುದು ಇನ್ನೂ ದೂರವಿದ್ದರೂ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ ಎಂದರು.