ಎರಡು ಮೋಟರಿನ ವೈ ಆಕ್ಸಿಸ್: ನಾ ಹೋಮಿಂಗ್ ಹೆಂಗ ಮಾಡ್ಕೊಂಡೆ

ನಾವು ಬೆಳಗಾವಿ ವಡಗಾವ್ಯಾಗ ಇರ್ತೀವ್ರಿ, ಮನಿ ಹಿಂದಿನ ಶೆಡ್ಡಿನ್ಯಾಗ ನಾನ ಕಟ್ಟಿದ್ದ ಒಂದು ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂಗ ಕಟಗಿ ಕೊರಿಯೂ ಮಷಿನ್) ಐತಿ. ಹೋಮಿಂಗ್ ಅಂದ್ರ ಮಷಿನ್ ಸ್ವಿಚ್ ಮುಟ್ಟಿ ತನ್ನ ಶುರುವಿನ ಜಾಗಾ ಹುಡಕೂದು. ವೈ ಕಡೆ, ಅಂದ್ರ ಹಿಂದ ಮುಂದ ಹೋಗೂ ದಿಕ್ಕಿಗೆ, ಎರಡು ನೇಮಾ 23 ಸ್ಟೆಪ್ಪರ್ ಮೋಟರ್, ಎಡಕ್ಕೊಂದು ಬಲಕ್ಕೊಂದು, ಎರಡಕ್ಕೂ ಬ್ಯಾರೆ ಬ್ಯಾರೆ ಬಾಲ್ ಸ್ಕ್ರೂ, ನಡುವಿನ ಅಂತರ 800 ಎಂಎಂ. ಹೆಚ್ಚಾಗಿ ಎಂಡಿಎಫ್‌ನ್ಯಾಗ ದೇವರ ಮನಿ ಬಾಗಿಲದ ಜಾಳಿಗಿ ಕೊರೀತೀನಿ, ಮೂಲಿಮಟ್ಟ ಹಿಡದ್ರ ಸರಿ ಕೂಡಲಿಲ್ಲ ಅಂದ್ರ ಬಡಿಗ್ಯಾರು ವಾಪಸ್ ಕಳಸ್ತಾರ.

ಮೊದಲಿಗೆ ಆರ್ಡ್ವಿನೋ ಊನೋ ಮ್ಯಾಲೆ ಸಿಎನ್‌ಸಿ ಶೀಲ್ಡ್ (ಮೋಟರ್ ಡ್ರೈವರ್ ಕೂಡಿಸೂ ಬೋರ್ಡ್) ಇತ್ತು, ಎ ಸಾಕೆಟ್ಟಿಗೆ ಜಂಪರ್ ಹಾಕಿ ವೈಯನ್ನ ಕ್ಲೋನ್ ಮಾಡಿದ್ದೆ. ಅದರಾಗ ಎರಡೂ ಮೋಟರಿಗೆ ಹೋಗೂದು ಒಂದ ಪಲ್ಸ್, ಒಂದನ್ನ ನಿಲ್ಲಿಸಿ ಇನ್ನೊಂದನ್ನ ಮುಂದ ತಳ್ಳಾಕ ಬರಂಗಿಲ್ಲ. ಕರೆಂಟ್ ಹೋತು ಅಂದ್ರ ಮೋಟರ್ ಹಿಡಿತ ಬಿಡ್ತಾವ, ಯಾರಾರ ಗ್ಯಾಂಟ್ರಿಗೆ (ಎರಡೂ ಸ್ಕ್ರೂ ಮ್ಯಾಲೆ ಅಡ್ಡ ಕೂತು ಹಿಂದ ಮುಂದ ಸರಿಯೂ ಚೌಕಟ್ಟು) ಕೈ ಹಚ್ಚಿದ್ರಂದ್ರ ಒಂದ ಕಡೆ ಸ್ಕ್ರೂ ತಿರಗಿ ಸೊಟ್ಟ ಆಗಿ ಕೂತ್ಕೊತೈತಿ, ಆಮ್ಯಾಲೆ ಪವರ್ ಬಂದ್ರ ಆ ಸೊಟ್ಟಾನ ಬಿಗಿಯಾಗಿ ಹಿಡ್ಕೊಂಡು ನಡೀತೈತಿ. ಊನೋ ಮ್ಯಾಲೆ ಮಷಿನ್ ನಡಸೂ ಸಾಫ್ಟ್‌ವೇರ್ ಗರ್ಬಲ್ 1.1ಎಚ್‌ನ್ಯಾಗ ಡ್ಯುಯಲ್ ಆಕ್ಸಿಸ್ ಕೊಟ್ಟಾರ ಖರೆ, ಆದ್ರ ಎರಡನೇ ಲಿಮಿಟ್ ಸ್ವಿಚ್ (ಗ್ಯಾಂಟ್ರಿ ತುದಿಗೆ ಬಂತು ಅಂತ ಹೇಳೂ ಸ್ವಿಚ್) ಝಡ್ ಲಿಮಿಟ್ ಪಿನ್ನಿಗೇ ಹಂಚ್ಕೊಂಡು ಬರ್ತೈತಿ, ನಮ್ಮಂಥಾ ಅಗ್ಗದ ಶೀಲ್ಡಿನ್ಯಾಗ ಸ್ಪಿಂಡಲ್ ಸ್ಪೀಡ್ ಕಂಟ್ರೋಲೂ ಹೋಗ್ತೈತಿ. ಹಂಗಾಗಿ ಇಎಸ್‌ಪಿ32 ಬೋರ್ಡ್ ತಂದು ಅದಕ್ಕ ಫ್ಲೂಯಿಡ್‌ಎನ್‌ಸಿ ಅನ್ನೂ ಸಾಫ್ಟ್‌ವೇರ್ ಹಾಕಿದೆ.

ಅದರಾಗ ವೈ ಕೆಳಗ ಮೋಟರ್0, ಮೋಟರ್1 ಅಂತ ಎರಡು, ಒಂದೊಂದಕ್ಕೂ ಅದರದ ಲಿಮಿಟ್ ಪಿನ್, ಅದರದ ಪುಲ್‌ಆಫ್. ಪುಲ್‌ಆಫ್ ಅಂದ್ರ ಸ್ವಿಚ್ ಮುಟ್ಟಿದ ಮ್ಯಾಲೆ ಅದರಿಂದ ವಾಪಸ್ ಸರಿಯೂ ಅಳತಿ. ಹೋಮಿಂಗಿನ್ಯಾಗ ಎರಡೂ ಕೂಡೇ ಹೊಂಡ್ತಾವ, ಯಾರ ಸ್ವಿಚ್ ಮೊದಲು ಒತ್ತೈತೋ ಆ ಮೋಟರ್ ಅಲ್ಲೇ ನಿಂತ್ಕೊತೈತಿ, ಇನ್ನೊಂದು ತನ್ನ ಸ್ವಿಚ್ ಮುಟ್ಟೂತನ ನಡೀತೈತಿ. ಸ್ಟೆಪ್ಸ್ ಪರ್ ಎಂಎಂ (ಒಂದು ಎಂಎಂ ಸರಿಯಾಕ ಮೋಟರ್ ಎಷ್ಟು ಹೆಜ್ಜಿ) ಮಾತ್ರ ಇಡೀ ಆಕ್ಸಿಸ್ಸಿಗೆ ಒಂದ, ಅದಕ್ಕ ಎರಡೂ ಡ್ರೈವರಿನ ಮೈಕ್ರೋಸ್ಟೆಪ್ ಡಿಪ್ ಸ್ವಿಚ್ ಒಂದ ಥರಾ ಇರಬೇಕು. ಇನ್ನ 34, 35, 36, 39ನೇ ಪಿನ್ನಿಗೆ ಒಳಗ ಪುಲ್‌ಅಪ್ (ಸ್ವಿಚ್ ತೆರೆದಾಗ ಪಿನ್ನನ್ನ 3.3 ವೋಲ್ಟಿಗೆ ಹಿಡಿಯೂ ರೆಸಿಸ್ಟರ್) ಇಲ್ಲ, ನಾ ಹೊರಗಿಂದ 3.3 ವೋಲ್ಟಿಗೆ 10ಕೆ ರೆಸಿಸ್ಟರ್ ಕೊಟ್ಟೀನಿ. ಸ್ವಿಚ್ ಎಲ್ಲಾ ಎನ್‌ಸಿ ವೈರಿಂಗು (ಒತ್ತದಿದ್ದಾಗ ಕರೆಂಟ್ ಹರೀತೈತಿ, ಒತ್ತಿದ್ರ ಕಡೀತೈತಿ), ಯಾಕಂದ್ರ ವೈರ್ ಕಿತ್ತು ಹೋದ್ರ ಸ್ವಿಚ್ ಒತ್ತಿದಂಗ ಕಾಣಸ್ತೈತಿ, ಮಷಿನ್ ಕುರುಡಾಗಿ ಹೋಗಿ ಗುದ್ದಂಗಿಲ್ಲ.

ಪೂರಾ ಹೋಮ್ ಹಚ್ಚೂಕಿಂತ ಮೊದಲ ಒಂದು ಪರೀಕ್ಷಾ ಬಿಡಬ್ಯಾಡ್ರಿ. ಗ್ಯಾಂಟ್ರಿ ನಡುವ ಇಟ್ಟು, ಸ್ಪೀಡ್ ಭಾಳ ಕಡಿಮಿ ಮಾಡಿ ವೈ ಒಂದನ್ನ ಹೋಮ್ ಕಳಸ್ರಿ, ನಡೀತಿದ್ದಂಗ ಎಡಗಡೆ ಸ್ವಿಚ್ ಕೈಲೆ ಒತ್ತಿ ಹಿಡೀರಿ, ಎಡಗಡೆ ಮೋಟರ ನಿಲ್ಲಬೇಕು. ಅದು ನಿಂತದ್ದು ಕಂಡ ಕೂಡ್ಲೇ ಎಮರ್ಜೆನ್ಸಿ ಸ್ವಿಚ್ ಹೊಡೀರಿ, ಇಲ್ಲಾಂದ್ರ ಬಲಗಡೆದು ತನ್ನ ಸ್ವಿಚ್ ತನಕಾ ನಡದು ಗ್ಯಾಂಟ್ರಿ ಸೊಟ್ಟ ಮಾಡ್ತೈತಿ. ಬಲಗಡೆದು ನಿಂತ್ರ ಪಿನ್ ಅದಲುಬದಲು ಆಗ್ಯಾವ, ತಕ್ಷಣ ಎಮರ್ಜೆನ್ಸಿ ಸ್ವಿಚ್ ಹೊಡೀರಿ, ಹಂಗ ಬಿಟ್ರ ಎಡಗಡೆ ಮೋಟರ್ ಸ್ವಿಚ್ ದಾಟಿ ಸ್ಟಾಪರಿಗೆ ಗುದ್ದಿ ಗ್ಯಾಂಟ್ರಿನ ತಿರುಚಿ ಬಿಡ್ತೈತಿ. ಬಲಗಡೆನೂ ಹಿಂಗ ನೋಡ್ಕೋರಿ, ಒಂದ ಕೈ ಎಮರ್ಜೆನ್ಸಿ ಸ್ವಿಚ್ಚಿನ ಮ್ಯಾಲೇ ಇರ್ಲಿ.

ಇನ್ನ ಖರೇ ಮಾತಿಗೆ ಬರ್ತೀನಿ. ಎರಡು ಸ್ವಿಚ್ ಹಚ್ಚಿದ್ರ ಗ್ಯಾಂಟ್ರಿ ಸ್ಕ್ವೇರ್ ಆಗ್ತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ, ಆಗಂಗಿಲ್ರಿ. ಸ್ವಿಚ್ ಕೊಡೂದು ಪ್ರತಿ ಸಲ ಅದ ಜಾಗಾ ಅಷ್ಟ, ಆ ಜಾಗಾನ ಸೊಟ್ಟ ಇದ್ರ ದಿನಾ ಅಷ್ಟ ಸೊಟ್ಟ ಬರ್ತೈತಿ. ಸ್ವಿಚ್ಚಿನ ಬ್ರಾಕೆಟ್ಟು ಸರಿಸಿ ಸರಿಸಿ ಹೊಂದಸೂದಕಿಂತ ಅಳತಿ ತಗೊಂಡು ಪುಲ್‌ಆಫ್ ಬದಲಿ ಮಾಡೂದು ಛಲೋ.

ನಾ ಮಾಡಿದ್ದು ಹಿಂಗ: ಹೋಮ್ ಮಾಡಿ, ಬೆಡ್ ಮ್ಯಾಲಿನ ಎಂಡಿಎಫ್‌ಗೆ 600 ಬೈ 600 ಚೌಕದ ನಾಕೂ ಮೂಲ್ಯಾಗ 6 ಎಂಎಂ ತೂತು ಕೊರದೆ, ಪಿನ್ ಕೂಡಿಸಿ ಒಂದು ಮೀಟರಿನ ಸ್ಟೀಲ್ ಸ್ಕೇಲಿಂದ ಎರಡೂ ಕರ್ಣ ಅಳದೆ. ಟೇಪ್ ನಂಬಬ್ಯಾಡ್ರಿ, ತುದಿ ಕೊಕ್ಕಿ ಅಲಗ್ಯಾಡ್ತೈತಿ. ಕರ್ಣ 848.5 ಬರಬೇಕು, ಎರಡರ ನಡುವ 1.5 ಎಂಎಂ ಫರಕ್ ಬಂತು. ಲೆಕ್ಕ ಏನಂದ್ರ ಫರಕ್ಕನ್ನ ಸ್ಕ್ರೂ ಅಂತರದಿಂದ ಗುಣಿಸಿ ಕರ್ಣದಿಂದ ಭಾಗಿಸೂದು, 1.5 ಇಂಟು 800 ಭಾಗಿಸು 848.5, ಅಂದ್ರ ಸುಮಾರು 1.4. ಇದು ಚೌಕಕ್ಕ ಮಾತ್ರ, ಆಯತ ಆದ್ರ ಲೆಕ್ಕ ಬದಲಾಗ್ತೈತಿ.

ಯಾವ ಕಡೆ ಅಂದ್ರ, ನನ್ನ ಹೋಮ್ ಮುಂದಿನ ಎಡ ಮೂಲಿ, ಅಲ್ಲಿಂದ ಹಿಂದಿನ ಬಲ ಮೂಲಿಗೆ ಹೋಗೂ ಕರ್ಣ ಉದ್ದ ಬಂದಿತ್ತು, ಅಂದ್ರ ಬಲಗಡೆ ಹಿಂದಕ್ಕ ಜಾಸ್ತಿ ಸರದೈತಿ. ಎಡಗಡೆ ಪುಲ್‌ಆಫ್ 3 ಇದ್ದದ್ದನ್ನ 4.4 ಮಾಡಿದೆ. ಬಲಗಡೆದನ್ನೂ ಕಡಿಮಿ ಮಾಡಬಹುದಿತ್ತು, ಆದ್ರ ಪುಲ್‌ಆಫ್ ಭಾಳ ಸಣ್ಣದಾದ್ರ ಸ್ವಿಚ್ ಬಿಡಂಗಿಲ್ಲ, ಅದಕ್ಕ ಯಾವಾಗ್ಲೂ ಹೆಚ್ಚಸೂ ಕಡೇನ ಹೋಗ್ರಿ. ಮತ್ತ ಹೊಸಾ ತೂತು ಕೊರದು ಅಳದಾಗ ಸ್ಕೇಲಿನ್ಯಾಗ ಫರಕ್ ಕಾಣಲಿಲ್ಲ.

ಒಂದ ವಿಷಯ, ಸ್ಕ್ವೇರ್ ಮಾಡಾಕ ಮೋಟರ್ ಜಗ್ಗೂ ಮೊದಲ ಗ್ಯಾಂಟ್ರಿ ಬೋಲ್ಟು ಸ್ವಲ್ಪ ಸಡ್ಲ ಬಿಡ್ರಿ, ಹೋಮ್ ಆದ ಮ್ಯಾಲೆ ಬಿಗೀರಿ. ನಂದು ಉದ್ಯಮಬಾಗಿನ ವರ್ಕ್‌ಶಾಪಿನ್ಯಾಗ ಮಾಡಿಸಿದ 12 ಎಂಎಂ ಪ್ಲೇಟು, ಬಿಗದ್ರ ಬಗ್ಗೂ ಮಾತ ಇಲ್ಲ, ಒಳಗ ಒತ್ತಡ ಇಟ್ಕೊಂಡು ಬೇರಿಂಗಿನ್ಯಾಗ ಕರ್ ಕರ್ ಅಂತಿತ್ತು, ಸಡ್ಲ ಬಿಟ್ಟು ಮತ್ತ ಬಿಗದ ಮ್ಯಾಲೆ ನಿಂತೈತಿ. ಹಿಂಗ ಬೋಲ್ಟಿಗೆ ಕೈ ಹಚ್ಚಿದಾಗೆಲ್ಲಾ ಕರ್ಣ ಮತ್ತೊಮ್ಮೆ ಅಳೀತೀನಿ.